ಗೋಡೆ ಸಾಲಿನ ಸೀಟು

"ನನ್ನ ಸೀಟು ಕದ್ದಿದ್ದಾರೆ!"

ಅತ್ತೆ ಕೂಗಿದ ಕೂಗಿಗೆ ವಿಮಾನ ನಿಲ್ದಾಣದ ಆ ಉದ್ದನೆಯ ಹಜಾರದಲ್ಲಿ ಸಾಲುಗಟ್ಟಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಕೌಂಟರಿನ ಹುಡುಗಿ ಕೊಟ್ಟ ಬೋರ್ಡಿಂಗ್ ಪಾಸನ್ನು ಅವರು ಎತ್ತಿ ತೋರಿಸಿದರು. ಕಟ್ಟಕಡೆಯ ಸಾಲು, ನಡುವಿನ ಸೀಟು. ಸೀಟಿನ ಬೆನ್ನು ಹಿಂದಕ್ಕೆ ಬಾಗದು. ಹಿಂದೆಯೇ ಶೌಚಾಲಯ.

ಸೊಸೆ ತನ್ನ ಪಾಸು ನೋಡಿಕೊಂಡಳು. ಮೊದಲ ಸಾಲು, ಓಡಾಡುವ ದಾರಿಯ ಪಕ್ಕ. ಅತ್ತೆಯ ಸೀಟು ತನ್ನ ಹೆಸರಿಗೆ ಬಂದು ಕೂತಿತ್ತು!

ಆ ಸೀಟಿಗಾಗಿ ಮನೆಯಲ್ಲಿ ತಿಂಗಳುಗಟ್ಟಲೆ ಜಗಳವಾಗಿತ್ತು. ಅತ್ತೆಯ ಬಲ ಮೊಣಕಾಲು ಮಡಚುವುದಿಲ್ಲ. ಗಂಟೆಗೊಮ್ಮೆ ಎದ್ದು ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ವಿಮಾನದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಒಂದೊಂದೇ ಸೀಟನ್ನು ಹೊಡೆದು ಹಾಕಿದ್ದ. ರೆಕ್ಕೆಯ ಹತ್ತಿರ ಸದ್ದು. ಹಿಂದೆ ಕುಲುಕಾಟ. ತುರ್ತು ಬಾಗಿಲಿನ ಸಾಲು ಒಳ್ಳೆಯದೆಂದು ನಾದಿನಿ ಹಟ ಹಿಡಿದಾಗ ಅವನು, "ಆ ಬಾಗಿಲು ಎತ್ತೋ ತಾಕತ್ತು ಇರೋರಿಗೆ ಮಾತ್ರ ಕೊಡ್ತಾರೆ ಕಣೇ. ಅಮ್ಮ ಉಪ್ಪಿನ ಡಬ್ಬಿ ಎತ್ತಲ್ಲ!" ಎಂದು ನಕ್ಕಿದ್ದ. ನಾದಿನಿ ಎರಡು ದಿನ ಮಾತು ಬಿಟ್ಟಿದ್ದಳು.

ಕೊನೆಗೆ ಉಳಿದದ್ದು ಗೋಡೆ ಸಾಲು. ಎದುರಿಗೆ ಸೀಟಿಲ್ಲ, ಬರೀ ಅಡ್ಡಗೋಡೆ. ಕಾಲು ಚಾಚಬಹುದು. ಆದರೆ ಮುಂದೆ ಸೀಟೇ ಇಲ್ಲದ ಮೇಲೆ ಅದರಡಿ ಕೈಚೀಲ ಇಡುವುದೆಲ್ಲಿ? ಎಲ್ಲವೂ ತಲೆಯ ಮೇಲಿನ ಗೂಡಿಗೆ ಹೋಗಬೇಕು. ಅದಕ್ಕೆಂದೇ ಸೊಸೆ ಮಾತ್ರೆಗಳಿಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ ಹೊಲಿದುಕೊಟ್ಟಿದ್ದಳು. ಅತ್ತೆ ಮೂತಿ ತಿರುವಿದ್ದರು. "ಇದನ್ನ ಕಟ್ಕೊಂಡ್ರೆ ಬಸುರಿ ಥರ ಕಾಣ್ತೀನಿ. ಈ ವಯಸ್ಸಲ್ಲಿ ಜನ ಏನಂದ್ಕೋಬೇಕು? ಗೋಡೆ ಸಾಲು ಅಂತ ಕಟ್ಕೋತೀನಿ, ಇಲ್ಲದಿದ್ರೆ ಒಲೆಗೆ ಹಾಕ್ತಿದ್ದೆ."

ಈಗ ಗಂಡನ ಕಣ್ಣು ಕೆಂಪಾಗಿತ್ತು.

"ನಿಂಗೆ ಇಂಥ ಬುದ್ಧಿ ಯಾಕೆ ಬಂತು?"

"ನಾನಲ್ಲ ರೀ! ನನ್ನ ಪಾಸು ನಾನೇ ಈಗ ನೋಡ್ತಿದೀನಿ."

"ಮತ್ತೆ ಸೀಟು ತಾನಾಗೇ ಎದ್ದು ನಿನ್ನ ಹತ್ರ ನಡ್ಕೊಂಡು ಬಂತಾ ಅತ್ತಿಗೆ?" ನಾದಿನಿ ಕೊಂಕು ನುಡಿದಳು.

"ಅಮ್ಮನೂ ತಂಗಿನೂ ಹೋಗ್ಲಿ," ಎಂದ ಗಂಡ. "ನೀನು ನನ್ನ ಜೊತೆ ಮನೆಗೆ ನಡಿ."

ಅಲ್ಲಿ, ಸಾಗರದಾಚೆ, ಸೊಸೆಯ ಮಗಳಿಗೆ ಚೊಚ್ಚಲ ಹೆರಿಗೆ. ಮುಂದಿನ ವಾರ. ಇಂದು ಹೊರಡದಿದ್ದರೆ ಮಗುವಿನ ಮೊದಲ ಅಳು ಕೇಳುವುದು ಫೋನಿನಲ್ಲೇ.

"ಸ್ವಲ್ಪ ತಡಿಯೋ," ಎಂದಿತು ಒಂದು ತಣ್ಣನೆಯ ದನಿ.

ಚಿಕ್ಕತ್ತೆ! ಅತ್ತೆಯ ಒಡಹುಟ್ಟಿದ ತಂಗಿ. ಕಳಿಸಿಕೊಡಲು ಬಂದವರು. ವಿಮಾ ಕಂಪನಿಯಲ್ಲಿ ಸುಳ್ಳು ಪರಿಹಾರ ಕೇಳುವವರ ಜಾಡು ಹಿಡಿಯುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಸಿಐಡಿ ಎನ್ನುತ್ತಿದ್ದರು. ಅವರು ಕೌಂಟರಿಗೆ ಮೊಣಕೈ ಊರಿದರು.

"ಸೀಟು ಯಾವಾಗ ಬದಲಾಯ್ತಮ್ಮ?"

"ನಿನ್ನೆ ಮಧ್ಯಾಹ್ನ," ಎಂದಳು ಹುಡುಗಿ. "ಯಾರೋ ಫೋನ್ ಮಾಡಿ ಇವರಿಬ್ಬರ ಸೀಟು ಅದಲು ಬದಲು ಮಾಡ್ಸಿದ್ದಾರೆ. ಇಬ್ರೂ ಒಪ್ಪಿದ್ರೆ ಈಗ್ಲೂ ವಾಪಸ್ ಮಾಡ್ಕೊಡ್ತೀನಿ."

"ನಿನ್ನೆ ಮಧ್ಯಾಹ್ನ ನೀನೆಲ್ಲಿದ್ದೆ?" ಪ್ರಶ್ನೆ ನಾದಿನಿಗೆ.

"ನನ್ನ ಮೇಲೇ ಅನುಮಾನನಾ ಚಿಕ್ಕಮ್ಮ? ಮನೇಲೇ ಇದ್ದೆ. ಪೆಟ್ಟಿಗೆ ತುಂಬ್ತಿದ್ದೆ."

"ನೀನು?"

"ಅಂಗಡೀಲಿ," ಎಂದ ಗಂಡ.

"ನೀನಮ್ಮ?"

"ನಾನೂ ಮನೇಲೇ," ಎಂದಳು ಸೊಸೆ. ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ.

"ಕೇಳಿದ್ರಾ!" ಅತ್ತೆ ಕೈ ಚಾಚಿದರು. "ಅವಳ ಬಾಯಿಂದಾನೇ ಬಂತು. ನಂಗೆ ಅದೆಲ್ಲ ಸೀಟು ಗೀಟು ಬದಲಾಯ್ಸೋಕೆ ಎಲ್ಲಿ ಬರುತ್ತೆ?"

ಚಿಕ್ಕತ್ತೆಯ ನೋಟ ಅಕ್ಕನ ಮುಖದಿಂದ ಸೊಂಟಕ್ಕೆ ಇಳಿಯಿತು. ಅಲ್ಲಿಂದ ಕಾಲಬುಡಕ್ಕೆ. ಎರಡು ಚಪ್ಪಲಿಗಳ ನಡುವೆ ಒಂದು ಕಪ್ಪು ಕೈಚೀಲ.

"ಅಕ್ಕ, ಮಧ್ಯಾಹ್ನದ ಮಾತ್ರೆ ತಗೊಂಡ್ಯಾ?"

"ಆಯ್ತು, ಕಾರಲ್ಲೇ."

"ಮಿಕ್ಕಿದ್ದೆಲ್ಲಿ?"

"ಇದ್ರಲ್ಲೇ ಇದೆ." ಅತ್ತೆ ಕಾಲಿನಿಂದ ಚೀಲ ತಟ್ಟಿದರು.

"ಸೊಂಟದ ಚೀಲ?"

ಅತ್ತೆ ಸೆರಗನ್ನು ಸೊಂಟದ ಮೇಲೆ ಎಳೆದುಕೊಂಡರು. ಸೊಸೆ ಆಗ ಗಮನಿಸಿದಳು: ಇಡೀ ತಿಂಗಳು ತಾನೇ ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಚೀಲ ಅವರ ಸೊಂಟದಲ್ಲಿ ಇರಲಿಲ್ಲ.

"ಮರೆತಿರ್ತಾರೆ ಬಿಡಿ ಚಿಕ್ಕಮ್ಮ," ಎಂದ ಗಂಡ.

"ಮರೆತಿದ್ರೆ ಮಾತ್ರೆನೂ ಅದ್ರ ಜೊತೆ ಮನೇಲೇ ಉಳೀಬೇಕಿತ್ತು. ಇಲ್ಲಿ ಮಾತ್ರೆ ಬಂದಿದೆ, ಚೀಲ ಮಾತ್ರ ಬಂದಿಲ್ಲ. ಕೂತು, ಒಂದೊಂದೇ ತೆಗೆದು ಈ ಕೈಚೀಲಕ್ಕೆ ತುಂಬಿದ್ದಾಳೆ. ಯಾಕೆ?" ಚಿಕ್ಕತ್ತೆ ಎಲ್ಲರ ಮುಖ ನೋಡಿದರು. "ಕಾಲಡಿ ಇಡೋ ಚೀಲ ಗೋಡೆ ಸಾಲಿಗೆ ಆಗಲ್ಲ. ಅದು ಬೇರೆ ಸಾಲಿಗೆ ಮಾತ್ರ ಆಗುತ್ತೆ. ಮನೆಯಿಂದ ಹೊರಡೋ ಮೊದಲೇ ಅಕ್ಕನಿಗೆ ಗೊತ್ತಿತ್ತು, ಗೋಡೆ ಸಾಲು ತನ್ನ ಕೈಯಲ್ಲಿಲ್ಲ ಅಂತ. ಮತ್ತೆ ಇಲ್ಲಿ ಬಂದು, ಈಗ ತಾನೇ ಕಂಡ ಹಾಗೆ ಬಾಯಿ ಬಾಯಿ ಬಡ್ಕೊಂಡಿದ್ದು ಯಾಕೆ?"

"ಅಮ್ಮ?" ಗಂಡ ತಾಯಿಯ ಕಡೆ ತಿರುಗಿದ.

"ನನ್ನ ಕೆಲಸದಲ್ಲಿ ಇಂಥೋರನ್ನ ಎಷ್ಟೋ ಕಂಡಿದೀನಿ ಕಣೋ. ಪರಿಹಾರಕ್ಕೆ ಅಂತ ತಮ್ಮ ಮನೆಗೆ ತಾವೇ ಬೆಂಕಿ ಇಡ್ತಾರೆ. ಆದ್ರೆ ಫೋಟೋಗಳನ್ನ ಮಾತ್ರ ಹಿಂದಿನ ದಿನಾನೇ ನೆಂಟರ ಮನೆಗೆ ಸಾಗಿಸಿರ್ತಾರೆ. ಅಲ್ಲೇ ಸಿಕ್ಕಿಬೀಳೋದು." ಅವರು ಅಕ್ಕನ ಕಡೆ ಬಾಗಿದರು. "ಸೀಟು ಬದಲಾಯ್ಸೋಕೆ ಬರಲ್ಲ ಅಂದೆ. ಫೋನಲ್ಲಿ ಮಾತಾಡೋಕೆ ಬರುತ್ತಲ್ಲ? ಸೊಸೆ ಮೇಲೆ ಹಾಕಿ, ಅವಳನ್ನ ಮನೆಗೆ ಅಟ್ಟಿಸಿ, ಗೋಡೆ ಸಾಲು ವಾಪಸ್ ಈಸ್ಕೊಳ್ಳೋಣ ಅಂತ. ಸಿಗದೆ ಹೋದ್ರೆ? ಹಿಂದಿನ ಸಾಲಲ್ಲಾದ್ರೂ ಮಾತ್ರೆ ಕೈಗೆ ಸಿಗ್ಲಿ, ಆ ಹಾಳು ಚೀಲ ಕಟ್ಕೊಳ್ಳೋದು ತಪ್ಪಲಿ. ಜೀವದ ವಿಷಯದಲ್ಲಿ ನೀನು ಯಾವಾಗ್ಲೂ ಹುಷಾರು ಅಕ್ಕ."

ಅತ್ತೆಯ ಮಾತು ಸಿಡಿಯಿತು.

"ಹೌದು! ನಾನೇ! ಏನೀಗ? ಇವಳು ಕೆಲಸ ಕೆಲಸ ಅಂತ ಓಡಾಡ್ತಿದ್ದಾಗ ಮೊಮ್ಮಗಳನ್ನ ಎತ್ತಿ ಬೆಳೆಸಿದ್ದು ಯಾರು? ಈಗ ಎಲ್ಲರೆದುರು ಫೋನಲ್ಲಿ 'ಅಮ್ಮ ಒಬ್ಬಳು ಬಂದ್ರೆ ಸಾಕು' ಅಂತಾಳೆ. ಅಜ್ಜಿ ಬೇಡ್ವಂತೆ ಅವಳಿಗೆ!"

ಗಂಡ ಹೆಂಡತಿಯ ಕಡೆ ತಿರುಗಿ, "ಲೇ, ಅದೇನಂದ್ರೆ..." ಎಂದು ಶುರುಮಾಡಿದ. ಅವಳು ಅವನನ್ನು ನೋಡಲಿಲ್ಲ. ತನ್ನ ಪಾಸನ್ನು ಕೌಂಟರಿನ ಮೇಲಿಟ್ಟಳು.

"ಗೋಡೆ ಸಾಲು ಅವರಿಗೇ ಕೊಡಮ್ಮ. ಹಿಂದಿನ ಸಾಲು ನನಗಿರಲಿ."

ಅತ್ತೆಯ ಹೆಗಲು ಸಡಿಲಾಯಿತು. ಗೆದ್ದೆನೆಂಬ ಸಣ್ಣ ಮಿನುಗು ಕಣ್ಣಲ್ಲಿ ಹಾದುಹೋಯಿತು. ಅಷ್ಟರಲ್ಲಿ ಸೊಸೆ ಬಾಗಿ, ಆ ಚಪ್ಪಲಿಗಳ ನಡುವಿನಿಂದ ಕಪ್ಪು ಚೀಲ ಎತ್ತಿಕೊಂಡಳು.

"ಏಯ್! ಕೊಡಿಲ್ಲಿ!"

"ಗೋಡೆ ಸಾಲಲ್ಲಿ ಇದನ್ನ ಕಾಲಡಿ ಇಡೋ ಹಾಗಿಲ್ಲ ಅತ್ತೆ. ಮೇಲಿನ ಗೂಡು ನಿಮ್ಮ ಕೈಗೆ ಎಟುಕಲ್ಲ. ನನ್ನ ಸಾಲಲ್ಲಿ ಇಡಬಹುದು."

"ನನ್ನ ಮಾತ್ರೆ?"

"ಗಂಟೆಗೊಂದು ಸಲ ನಡೀಬೇಕು ಅಂತ ಡಾಕ್ಟ್ರು ಹೇಳಿದ್ದಾರಲ್ಲ? ಕೊನೇ ಸಾಲಿನ ತನಕ ನಡ್ಕೊಂಡು ಬನ್ನಿ. ನನ್ನನ್ನ ಕೇಳಿ. ಕೊಡ್ತೀನಿ."

ಚೀಲ ಹೆಗಲಿಗೇರಿತು. ಪೆಟ್ಟಿಗೆ ಎಳೆದುಕೊಡಲು ಗಂಡ ಕೈ ಚಾಚಿದ.

"ಮುಟ್ಟಬೇಡಿ," ಎಂದು ಹೇಳಿ ಅವಳು ಮುಂದೆ ನಡೆದಳು. ಹಿಂದೆ, ಮಡಚದ ಕಾಲನ್ನು ಎಳೆದುಕೊಂಡು, ತಮ್ಮ ಚೀಲದ ಮೇಲೇ ಕಣ್ಣು ನೆಟ್ಟು ಅತ್ತೆ ಹೊರಟರು.