ಸೀಲು ಒಡೆದ ಶನಿವಾರ

ಕೀಲಿಯ ವಿಷಯ ಹೇಳಿಬಿಡಲೇ, ಬೇಡವೇ? ಹೇಳಿದರೆ ಡೆಲ್ಫಿಯಾಳ ಕತೆ ಇಲ್ಲಿಗೇ ಮುಗಿಯುತ್ತದೆ. ಹೇಳದಿದ್ದರೆ ತಾನು ಸುಳ್ಳುಗಾರ. ನಿನ್ನೆ ಸಂಜೆ ಬೀರುವಿನ ಕೀಲಿಯನ್ನು ಅವಳ ಕೈಗೆ ಕೊಟ್ಟವನು ತಾನೇ. ಮರಳಿ ಕೇಳಿ ಪಡೆಯಲು ಮರೆತವನೂ ತಾನೇ. ಇದನ್ನು ಯಾವ ಬಾಯಲ್ಲಿ ಹೇಳುವುದು?

ಕೋಯ್ ಪ್ರೇಟರ್ ಚರ್ಚಿನ ನೆಲಮಾಳಿಗೆಯಲ್ಲಿ ನಿಂತು ಮೇಜಿನ ಮೇಲಿನ ಪೊಟ್ಟಣವನ್ನು ನೋಡುತ್ತಿದ್ದ. ಬೀರುವಿನೊಳಗೆ ಭದ್ರವಾಗಿರಬೇಕಿದ್ದ ಪರೀಕ್ಷೆಯ ಪೊಟ್ಟಣ ಅದು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೋ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ನೀಟಾಗಿ ಸೀಳಿದ್ದರು. ಸುತ್ತಲಿನ ಗೋಡೆಗಳ ಮೇಲೆ ಭೂಪಟ, ಮಗ್ಗಿ, ಸೂತ್ರಗಳ ಪಟ ಎಲ್ಲವನ್ನೂ ಬಿಳಿ ಕಾಗದದಿಂದ ಮುಚ್ಚಿದ್ದರು. ಪರೀಕ್ಷೆಯ ಕೋಣೆಯಲ್ಲಿ ಅಕ್ಷರ ಕಾಣಬಾರದೆಂಬುದು ನಿಯಮ. ಪ್ರತಿ ಸಲ ಅದನ್ನು ನೋಡಿದಾಗ ಅವನಿಗೆ ಶವಕ್ಕೆ ಹೊದಿಸಿದ ಬಟ್ಟೆ ನೆನಪಾಗುತ್ತಿತ್ತು.

ಹಾರ್ಲೋ ಕ್ರೀಕ್ ಊರಿನ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಅಲ್ಲಿ ಉಳಿದವರಲ್ಲಿ ಅರ್ಧ ಜನ ಹೈಸ್ಕೂಲು ಮುಗಿಸಿರಲಿಲ್ಲ. ಅವರಿಗಾಗಿಯೇ ಈ ನೆಲಮಾಳಿಗೆಯ ವಯಸ್ಕರ ಶಾಲೆ. ಕೋಯ್ ಅಲ್ಲಿ ಗಣಿತದ ಮೇಷ್ಟ್ರು, ಪರೀಕ್ಷೆಯ ದಿನ ಮುಖ್ಯಾಧಿಕಾರಿ. ಹೈಸ್ಕೂಲಿಗೆ ಸಮನಾದ ಪ್ರಮಾಣಪತ್ರ ಬೇಕೆಂದರೆ ಐದು ವಿಷಯ ಪಾಸಾಗಬೇಕು. ಒಂದೊಂದಾಗಿ ಬರೆಯಬಹುದು, ಪಾಸಾದದ್ದು ಪಾಸಾದಂತೆಯೇ ಉಳಿಯುತ್ತಿತ್ತು. ಈಗ ರಾಜ್ಯ ಆ ನಿಯಮವನ್ನು ಬದಲಿಸಿತ್ತು. ಇನ್ನು ಮುಂದೆ ಹೊಸ ಪರೀಕ್ಷೆ, ಕಂಪ್ಯೂಟರಿನ ಮೇಲೆ. ಹಳೆಯ ಅರ್ಧಂಬರ್ಧ ಪಾಸುಗಳಿಗೆ ಬೆಲೆಯಿಲ್ಲ. ಮೊದಲು ಮಾರ್ಚಿನವರೆಗೆ ಗಡುವು ಕೊಟ್ಟಿದ್ದರು. ಆಮೇಲೆ ಒಂದು ತಿದ್ದುಪಡಿ ಬಂದು, ಡಿಸೆಂಬರಿನ ಈ ಶನಿವಾರವೇ ಕೊನೆಯೆಂದಾಯಿತು. ಕೋಯ್ ಅದನ್ನು ದಪ್ಪಕ್ಷರದಲ್ಲಿ ಬಾಗಿಲಿಗೆ ಅಂಟಿಸಿ, ಎಲ್ಲರ ಕೈಗೂ ಪ್ರತಿ ಕೊಟ್ಟಿದ್ದ. ಯಾರೂ ಅದರ ಮಾತೆತ್ತಿರಲಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾಗ ಕಾಯಿಲೆಯ ಹೆಸರೆತ್ತದ ಹಾಗೆ.

ಡೆಲ್ಫಿಯಾ ನೋಬಲ್‌ಗೆ ಉಳಿದಿದ್ದದ್ದು ಗಣಿತ ಒಂದೇ. ವೃದ್ಧಾಶ್ರಮದಲ್ಲಿ ಮುದುಕರ ಹಾಸಿಗೆ ಬದಲಿಸುತ್ತಾ, ಊಟದ ಬಿಡುವಿನಲ್ಲಿ ಭಿನ್ನರಾಶಿ ಬಿಡಿಸುತ್ತಾ, ನಲವತ್ತು ದಾಟಿದ ಆ ಹೆಂಗಸು ಉಳಿದ ನಾಲ್ಕನ್ನು ದಾಟಿದ್ದಳು. ಜನವರಿಯಲ್ಲಿ ನರ್ಸಿಂಗ್ ತರಗತಿಯಲ್ಲಿ ಅವಳಿಗೊಂದು ಜಾಗ ಕಾದಿತ್ತು. ಇವತ್ತು ಪರೀಕ್ಷೆ ನಡೆಯದಿದ್ದರೆ ಆ ನಾಲ್ಕೂ ಸೊನ್ನೆ.

ಮೇಲೆ ಮುಂಬಾಗಿಲ ಕಡೆಯಿಂದ ಭಾರವಾದ ಹೆಜ್ಜೆ ಕೇಳಿಸಿತು. ಚರ್ಚಿನ ಹಿರಿಯ ಆರ್ವಿಲ್ ಕೂಂಬ್ಸ್ ಒದ್ದೆಯಾದ ಮೊಣಕಾಲನ್ನು ಕೊಡವಿಕೊಳ್ಳುತ್ತಾ ಒಳಬಂದ. ಪರೀಕ್ಷೆಯ ದಿನ ಕಾವಲು ಕೂರುವವನೂ, ಸೂಚನೆಗಳನ್ನು ಗಟ್ಟಿಯಾಗಿ ಓದಿ ಹೇಳುವವನೂ ಅವನೇ. ರಾಜ್ಯದ ಪುಸ್ತಿಕೆಯಲ್ಲಿದ್ದ ಹಾಗೆಯೇ, ಒಂದು ಶಬ್ದ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಓದಬೇಕು. ಆರ್ವಿಲ್ ಪುಸ್ತಿಕೆಯನ್ನು ಎದೆಗೆ ಹಿಡಿದು, ಕಣ್ಣನ್ನು ಎದುರಿಗಿದ್ದವರ ಮೇಲಿಟ್ಟು, ಆ ಒಣ ವಾಕ್ಯಗಳನ್ನೂ ಪ್ರಾರ್ಥನೆಯ ಹಾಗೆ ಹೇಳುತ್ತಿದ್ದ. ಅವನ ದನಿ ಕೇಳಿದರೆ ನಡುಕ ನಿಲ್ಲುತ್ತದೆ ಎನ್ನುತ್ತಿದ್ದಳು ಡೆಲ್ಫಿಯಾ.

"ಏನಾಯ್ತಪ್ಪಾ ಕೋಯ್, ದೆವ್ವ ಕಂಡವನ ಹಾಗೆ ನಿಂತಿದ್ದೀಯ?"

ಕೋಯ್ ಪೊಟ್ಟಣದತ್ತ ಕೈ ತೋರಿಸಿದ. ಆರ್ವಿಲ್ ಅದನ್ನು ಬಹಳ ಹೊತ್ತು ನೋಡಲಿಲ್ಲ.

ಅಡುಗೆಮನೆಯ ಬಾಗಿಲಿನಿಂದ ಡೆಲ್ಫಿಯಾ, ಅವಳ ಹಿಂದೆ ಹ್ಯಾಸ್ಕೆಲ್ ಬಂದರು. ಹ್ಯಾಸ್ಕೆಲ್ ಮರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಯುವಕ. ಹಿಂದಿನ ಸಲ ಕಾಲುಚೀಲದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಸಿಕ್ಕಿಬಿದ್ದಿದ್ದ. ಪೊಟ್ಟಣ ಕಂಡದ್ದೇ ಅವನು ಎರಡೂ ಕೈ ಮೇಲೆತ್ತಿದ.

"ಈ ಸಲ ನಾನಲ್ಲಪ್ಪ! ಬೇಕಿದ್ರೆ ಕಾಲುಚೀಲ ಬಿಚ್ಚಿ ತೋರಿಸ್ತೀನಿ. ವಾಸನೆಗೆ ನೀವೇ ಜವಾಬ್ದಾರರು."

ಯಾರೂ ನಗಲಿಲ್ಲ. ಡೆಲ್ಫಿಯಾ ಗೋಡೆಗೆ ಒರಗಿ ಮೆಲ್ಲಗೆ ಕುಸಿದು ಕುಳಿತಳು. "ಮೇಷ್ಟ್ರೇ, ಪರೀಕ್ಷೆ ಇಲ್ವಾ?" ಎಂದಳು. ದನಿ ಮಗುವಿನದರಂತೆ ಸಣ್ಣಗಾಗಿತ್ತು.

"ಹೋಗ್ಲಿ ಬಿಡಮ್ಮ," ಎಂದ ಆರ್ವಿಲ್, ಅವಳ ತಲೆಯ ಮೇಲೆ ಕೈಯಿಟ್ಟು. "ಮುಂದಿನ ತಿಂಗಳು ಬರೆದರಾಯ್ತು. ಇನ್ನೂ ಚೆನ್ನಾಗಿ ಓದ್ಕೊಳ್ಳೋಕೆ ಟೈಮ್ ಸಿಕ್ತು ಅನ್ಕೋ."

ಡೆಲ್ಫಿಯಾ ತಲೆಯೆತ್ತಿ ಅವನನ್ನೇ ನೋಡಿದಳು.

ಕೋಯ್ ವರ್ನಾ ಸ್ಟಿಡಮ್‌ಗೆ ಹೇಳಿಕಳುಹಿಸಿದ. ಪೊಲೀಸಿನಲ್ಲಿ ಉಪ-ಶೆರಿಫ್ ಆಗಿ ಅರ್ಧ ಆಯುಸ್ಸು ಕಳೆದ ವರ್ನಾ ಈಗ ಚರ್ಚಿನ ಹಿಂದಿನ ಪುಟ್ಟ ಮನೆಯಲ್ಲಿದ್ದು, ಇದೇ ಶಾಲೆಯಲ್ಲಿ ಬರವಣಿಗೆ ಕಲಿಸುತ್ತಿದ್ದಳು. ಊರಿನಲ್ಲಿ ಏನು ಕಳೆದರೂ, ಯಾರು ಕಾಣೆಯಾದರೂ ಜನ ಇವತ್ತಿಗೂ ಶೆರಿಫ್‌ಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಅಂಥ ಹುಡುಕಾಟಗಳಲ್ಲೆಲ್ಲ ಜೊತೆಗೆ ಓಡಾಡುತ್ತಿದ್ದವನು ಕೋಯ್. ಅವಳು ಯೋಚಿಸುತ್ತಿದ್ದಳು, ಅವನು ಕಾರು ಓಡಿಸುತ್ತಿದ್ದ.

ವರ್ನಾ ಬಂದು ಪೊಟ್ಟಣದ ಮುಂದೆ ಬಗ್ಗಿದಳು. ಒಳಗಿನ ಪ್ರಶ್ನೆಪುಸ್ತಿಕೆಗಳನ್ನು ಮುಟ್ಟದೆ, ಪೆನ್ಸಿಲಿನ ತುದಿಯಿಂದ ಒಂದೊಂದರ ಅಂಚನ್ನೂ ಎತ್ತಿ ನೋಡಿದಳು.

"ಇದು ಎಲ್ಲಿತ್ತು?"

"ಇಲ್ಲೇ. ಮೇಜಿನ ನಡುಮಧ್ಯೆ."

"ಬೀರುವಿನ ಬೀಗ?"

"ಒಡೆದಿಲ್ಲ. ಕೀಲಿ ಹಾಕಿ ತೆಗೆದಿದ್ದಾರೆ."

"ಕೀಲಿ ಯಾರ ಹತ್ರ ಇತ್ತು?"

ಕೋಯ್‌ಗೆ ನಿನ್ನೆಯ ಸಂಜೆ ನೆನಪಾಯಿತು. ಗೋಡೆ ಮುಚ್ಚುವ ಕಾಗದದ ಸುರುಳಿ ಇದ್ದದ್ದೂ ಅದೇ ಬೀರುವಿನಲ್ಲಿ. ಎತ್ತರದ ಹೆಂಗಸೆಂದು ಡೆಲ್ಫಿಯಾಳನ್ನೇ ಸಹಾಯಕ್ಕೆ ಕರೆದಿದ್ದ. ಗಣಿತದಲ್ಲಿ ಮತ್ತೆ ಮತ್ತೆ ಬಿದ್ದವಳು. ಇವತ್ತು ಬಿದ್ದರೆ ಎಲ್ಲವನ್ನೂ ಕಳೆದುಕೊಳ್ಳುವವಳು. ಅವಳಲ್ಲದೆ ಇನ್ನು ಯಾರಿಗೆ ಪ್ರಶ್ನೆಗಳು ಅಷ್ಟು ಬೇಕಾಗಿದ್ದವು? ಆ ಯೋಚನೆ ಹಾವಿನ ಹಾಗೆ ಹರಿದುಬಂತು. ಅವನು ಸುಮ್ಮನೆ ನಿಂತ.

"ನನ್ ಹತ್ರ ಇತ್ತು, ವರ್ನಾ ಅತ್ತೆ," ಎಂದಳು ಡೆಲ್ಫಿಯಾ, ನೆಲದಿಂದಲೇ. "ಕೆಲಸ ಮುಗಿಸಿ ಅಡುಗೆಮನೆ ಮೊಳೆಗೆ ನೇತುಹಾಕಿ ಹೋದೆ. ಮೇಷ್ಟ್ರ ಕೈಗೆ ಕೊಡ್ಬೇಕಿತ್ತು, ಕೊಡ್ಲಿಲ್ಲ. ತಪ್ಪು ನಂದೇ."

ಕೋಯ್ ಕಿಟಕಿಯತ್ತ ಮುಖ ತಿರುಗಿಸಿದ.

ನಿನ್ನೆ ಸಂಜೆ ಚರ್ಚಿನಲ್ಲಿ ಬೀನ್ಸ್ ಸಾರು, ಜೋಳದ ರೊಟ್ಟಿಯ ಊಟವಿತ್ತು. ಅಡುಗೆಮನೆಯಲ್ಲಿ ಎಲ್ಲರೂ ಓಡಾಡಿದ್ದರು. ಹ್ಯಾಸ್ಕೆಲ್ ಎರಡು ಸಲ ಬಡಿಸಿಕೊಂಡಿದ್ದ. ಆರ್ವಿಲ್ ಪಾತ್ರೆ ತೊಳೆದಿದ್ದ.

"ರಾಜಧಾನಿಯ ಕಚೇರಿಗೆ ಫೋನ್ ಮಾಡಲೇಬೇಕು," ಎಂದ ಕೋಯ್. "ಶುರುವಾಗೋಕೆ ಮುಂಚೆ ಹೊರಗಿನ ಸೀಲು ಒಡೆದಿದ್ರೆ ಪರೀಕ್ಷೆ ರದ್ದು. ಯಾರು, ಯಾಕೆ ಒಡೆದರು ಅನ್ನೋದು ಖಚಿತವಾಗಿ ಗೊತ್ತಾದ್ರೆ ಮಾತ್ರ ಅವರು ಏನಾದ್ರೂ ಮಾಡ್ಬಹುದು."

"ಹಾಗಾದ್ರೆ ಖಚಿತ ಮಾಡ್ಕೊಳ್ಳೋಣ," ಎಂದಳು ವರ್ನಾ. "ಎಲ್ಲರೂ ಅಡುಗೆಮನೆಗೆ ಬನ್ನಿ. ಬೆಚ್ಚಗಿದೆ. ಹೆದರಿಕೊಂಡೋರಿಗೆ ಬೆಚ್ಚಗಿರಬೇಕು."

ಹೋಗುವ ಮುನ್ನ ಅವಳು ಮುಂಬಾಗಿಲವರೆಗೆ ನಡೆದುಹೋಗಿ, ಹೊರಗಿನ ಮೆಟ್ಟಿಲುಗಳನ್ನು ಇಣುಕಿ ನೋಡಿ ಬಂದಳು. ಬರುವಾಗ ಮೇಜಿನ ಮೇಲಿದ್ದ ಹೊಸ ಸೂಚನೆಪುಸ್ತಿಕೆಯನ್ನು ಎತ್ತಿಕೊಂಡಳು.

ಒಲೆಯ ಸುತ್ತ ಐದು ಜನ ಕೂತರು. ಹ್ಯಾಸ್ಕೆಲ್ ಬಿಸ್ಕತ್ತಿನ ಡಬ್ಬಿಗೆ ಕೈಹಾಕಿ, ಯಾರೂ ತಿನ್ನದ್ದನ್ನು ಕಂಡು ಕೈ ಹಿಂದೆಗೆದುಕೊಂಡ.

"ಮೊದಲು ಒಂದು ಮಾತು," ಎಂದಳು ವರ್ನಾ. "ಇದು ಕಳ್ಳತನ ಅಲ್ಲ. ಹೊರಗಿನ ಹೊದಿಕೆ ಸೀಳಿದೆ, ನಿಜ. ಆದ್ರೆ ಒಳಗೆ ಪ್ರತಿ ಪುಸ್ತಿಕೆಗೂ ಅದರದೇ ಕಾಗದದ ಸೀಲು ಇರುತ್ತೆ. ಅದರಲ್ಲಿ ಒಂದೂ ಒಡೆದಿಲ್ಲ. ಪ್ರಶ್ನೆ ಬೇಕಾದೋರು ಸಿಪ್ಪೆ ಸುಲಿದು ಹಣ್ಣು ಬಿಟ್ಟು ಹೋಗ್ತಾರಾ? ಹಾಗಾಗಿ ಡೆಲ್ಫಿಯಾ ಅಲ್ಲ. ಹ್ಯಾಸ್ಕೆಲ್ ನೀನೂ ಅಲ್ಲ."

"ದೇವರು ದೊಡ್ಡೋನು," ಎಂದ ಹ್ಯಾಸ್ಕೆಲ್. "ಮೊದಲನೇ ಸಲ ಪಾಸಾದೆ."

"ಎರಡನೇದು. ಕದ್ದು ಒಡೆದೋರು ಅದನ್ನ ಬೀರುವಿಗೇ ಮರಳಿ ಇಟ್ಟು ಮುಚ್ತಾರೆ. ಇವರು ಮೇಜಿನ ನಡುಮಧ್ಯೆ ಇಟ್ಟಿದ್ದಾರೆ. ಬಂದ ತಕ್ಷಣ ಕೋಯ್ ಕಣ್ಣಿಗೆ ಬೀಳಲಿ ಅಂತ. ಅಂದ್ರೆ ಅವರಿಗೆ ಬೇಕಿದ್ದದ್ದು ಒಂದೇ, ಇವತ್ತಿನ ಪರೀಕ್ಷೆ ನಿಲ್ಲಬೇಕು."

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ಡೆಲ್ಫಿಯಾ ಬೆಚ್ಚಿದಳು.

"ಯಾರಿಗೆ ಅದು ಬೇಕಿರುತ್ತೆ? ಇವತ್ತು ನಿಂತ್ರೆ ಹಳೇ ಪಾಸುಗಳೆಲ್ಲ ಹೋಯ್ತು. ಬಾಗಿಲ ಮೇಲೆ ದಪ್ಪಕ್ಷರದಲ್ಲಿದೆ. ಅದನ್ನ ಓದಿದ ಯಾರೇ ಆಗ್ಲಿ, ಡೆಲ್ಫಿಯಾ ಮೇಲೆ ಹಗೆ ಇಲ್ಲದೆ ಈ ಕೆಲಸ ಮಾಡಲ್ಲ. ಅವಳ ಮೇಲೆ ಈ ಊರಲ್ಲಿ ಹಗೆ ಯಾರಿಗಿದೆ? ಅರ್ಧ ಊರಿನ ಅಪ್ಪ ಅಮ್ಮಂದಿರಿಗೆ ಊಟ ತಿನ್ನಿಸ್ತಾಳೆ. ಆದ್ದರಿಂದ, ಮಾಡಿದವರಿಗೆ ತಿದ್ದುಪಡಿ ಗೊತ್ತಿರಲಿಲ್ಲ. ಒಂದು ತಿಂಗಳು ಮುಂದೆ ಹೋಗುತ್ತೆ, ಅಷ್ಟೇ ಅನ್ಕೊಂಡ್ರು."

ಮುಂದಿನ ತಿಂಗಳು ಬರೆದರಾಯ್ತು. ಆ ಮಾತು ಕೋಯ್‌ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವನು ಯಾರ ಮುಖವನ್ನೂ ನೋಡಲಿಲ್ಲ.

"ಬೆಳಿಗ್ಗೆ ಕೋಯ್ ಮುಂಬಾಗಿಲಿಗೆ ಇನ್ನೊಂದು ಚೀಟಿ ಅಂಟಿಸಿದ್ದ," ವರ್ನಾ ಮುಂದುವರಿಸಿದಳು, ದನಿ ಇನ್ನಷ್ಟು ತಗ್ಗಿಸಿ. "ಮೆಟ್ಟಿಲ ಮೇಲೆ ಮಂಜುಗಡ್ಡೆ, ಅಡುಗೆಮನೆ ಕಡೆಯಿಂದ ಬನ್ನಿ ಅಂತ. ರಸ್ತೆಗೇ ಕಾಣುತ್ತೆ. ನಾವೆಲ್ಲ ಹಾಗೇ ಬಂದ್ವಿ. ಒಬ್ಬರು ಮಾತ್ರ ಮೆಟ್ಟಿಲು ಹತ್ತಿ ಬಂದು ಜಾರಿ ಬಿದ್ದಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಗುರುತಿದೆ."

ಹ್ಯಾಸ್ಕೆಲ್ ಆರ್ವಿಲ್‌ನ ಒದ್ದೆ ಮೊಣಕಾಲಿನತ್ತ ನೋಡಿದ.

"ಕೊನೇ ಪ್ರಶ್ನೆ. ಇಷ್ಟು ವರ್ಷ ಪರೀಕ್ಷೆ ನಡೀತು, ಯಾರೂ ಏನೂ ಮಾಡಲಿಲ್ಲ. ಈ ಸಲ ಹೊಸದೇನು?" ಅವಳು ಮಡಿಲಲ್ಲಿದ್ದ ಪುಸ್ತಿಕೆಯನ್ನು ತಟ್ಟಿದಳು. "ಇದು. ನಿಯಮ ಬದಲಾದಾಗ ರಾಜ್ಯದವರು ಓದಿ ಹೇಳೋ ಸೂಚನೆಗಳನ್ನೂ ಬದಲಾಯಿಸಿದ್ರು. ಇವತ್ತಿಂದಲೇ ಹೊಸ ಮಾತುಗಳು. ಹಳೇದು ಯಾರಿಗೋ ಬಾಯಿಪಾಠ ಆಗಿತ್ತು. ಬೇರೆಯವರು ಓದಿದ್ದನ್ನ ಕೇಳಿ ಕೇಳಿ, ಒಂದು ಶಬ್ದ ತಪ್ಪದ ಹಾಗೆ. ಹೊಸದನ್ನ ಇನ್ನೂ ಯಾರೂ ಗಟ್ಟಿಯಾಗಿ ಓದಿಲ್ಲ. ಕೇಳಿಸಿಕೊಳ್ಳೋದು ಹೇಗೆ? ಹೆಸರು ನಾನು ಹೇಳಲ್ಲ. ಹೆದರಿಕೆ ಅಂದ್ರೆ ಏನು ಅಂತ ನಂಗೂ ಗೊತ್ತು."

ಕುರ್ಚಿ ಕಿರುಗುಟ್ಟಿತು. ಆರ್ವಿಲ್ ಎದ್ದು ನಿಂತಿದ್ದ. ದೊಡ್ಡ ಆಳು, ನಿಂತಾಗ ಯಾವಾಗಲೂ ಕೋಣೆ ಚಿಕ್ಕದಾದ ಹಾಗೆ ಕಾಣುತ್ತಿತ್ತು. ಇವತ್ತು ಅವನೇ ಚಿಕ್ಕವನಾಗಿ ಕಂಡ.

"ಎಂಟನೇ ವಯಸ್ಸಿಗೆ ಅಪ್ಪನ ಜೊತೆ ಕಾಡಿಗೆ ಹೋದೆ," ಎಂದ. "ಅಕ್ಷರ ನನ್ನ ಕಣ್ಣಿಗೆ ಇರುವೆ ಸಾಲು. ದೇವರ ವಾಕ್ಯ ಎಲ್ಲಾ ಕಿವಿಯಿಂದ ಕಲಿತದ್ದು. ನನ್ನ ಹೆಂಡತಿ ಓದ್ತಿದ್ಲು, ನಾನು ಕೇಳ್ತಿದ್ದೆ. ಅವಳನ್ನ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ."

"ಜ್ವರ ಅಂತ ಹೇಳಿ ಮಲಗಬಹುದಿತ್ತಲ್ಲ, ಬ್ರದರ್ ಆರ್ವಿಲ್?" ಹ್ಯಾಸ್ಕೆಲ್ ನಿಜವಾದ ಅಚ್ಚರಿಯಿಂದ ಕೇಳಿದ.

"ಜ್ವರ ಅಂದಿದ್ರೆ ಈಕೆ ಥರ್ಮಾಮೀಟರ್ ಹಿಡ್ಕೊಂಡು ಮನೆಗೇ ಬಂದುಬಿಡ್ತಿದ್ಲು." ಆರ್ವಿಲ್ ಡೆಲ್ಫಿಯಾಳತ್ತ ನೋಡಲು ಹೋಗಿ, ನೋಡಲಾರದೆ ನೆಲ ನೋಡಿದ. "ಓದೋ ಮಾತು ಬದಲಾಗಿದೆ ಅಂತ ಕೋಯ್ ಹೇಳಿದ್ದ. ಒಂದು ತಿಂಗಳು ಸಿಕ್ಕಿದ್ರೆ ಪಕ್ಕದೂರಿನ ಕೇಂದ್ರಕ್ಕೆ ಹೋಗಿ ಕೂತು, ಅಲ್ಲಿ ಓದೋದನ್ನ ಕೇಳಿ ಕಲಿತುಬಿಡೋಣ ಅನ್ಕೊಂಡೆ. ಕೋಯ್ ಆ ತಿದ್ದುಪಡಿ ಕಾಗದ ಕೊಟ್ಟಾಗ ಓದಿದೆ ಅಂತ ಅಂದುಬಿಟ್ಟೆ. ಮಗಳೇ, ನಿನ್ನ ನಾಲ್ಕು ಪಾಸು ಹೋಗುತ್ತೆ ಅಂತ ಗೊತ್ತಿದ್ರೆ, ದೇವರಾಣೆ, ಎಲ್ಲರ ಎದುರಿಗೆ ನಿಂತು ನಂಗೆ ಓದೋಕೆ ಬರಲ್ಲ ಅಂತ ಹೇಳಿಬಿಡ್ತಿದ್ದೆ."

"ಈಗ ಹೇಳಿದ್ರಲ್ಲ," ಎಂದಳು ಡೆಲ್ಫಿಯಾ. ಅವಳ ದನಿಯಲ್ಲಿ ಕೋಪ ಇತ್ತು, ಅಳುವೂ ಇತ್ತು. "ಇದನ್ನೇ ಫೋನಲ್ಲೂ ಹೇಳಿ."

ಆರ್ವಿಲ್ ಹೇಳಿದ. ಕೋಯ್ ನಂಬರು ಒತ್ತಿಕೊಟ್ಟ. ಆರ್ವಿಲ್ ಅಪರಿಚಿತ ಹೆಂಗಸೊಬ್ಬಳಿಗೆ, ಗೋಡೆಯತ್ತ ಮುಖ ಮಾಡಿ, ತನಗೆ ಅಕ್ಷರ ಬರುವುದಿಲ್ಲವೆಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಬಳಿಕ ವರ್ನಾ ಪುಸ್ತಿಕೆಗಳ ಸೀಲಿನ ಬಗ್ಗೆ ಹೇಳಿದಳು. ಅತ್ತಲಿನ ಹೆಂಗಸು ಕಾಯಿರಿ ಎಂದು ಹೋದಳು. ಡೆಲ್ಫಿಯಾ ಮೇಜಿನ ಅಂಚನ್ನು ಹಿಡಿದು ನಿಂತಳು. ಕೊನೆಗೆ ಆ ಹೆಂಗಸು ಯಾರನ್ನೋ ಕೇಳಿಕೊಂಡು ಬಂದು, ಕಾವಲಿಗೆ ಬೇರೆಯವರನ್ನು ಕೂರಿಸಿ ಪರೀಕ್ಷೆ ನಡೆಸಿ ಎಂದಳು. ಹ್ಯಾಸ್ಕೆಲ್ ಎರಡು ಬಿಸ್ಕತ್ತನ್ನು ಒಟ್ಟಿಗೇ ಬಾಯಿಗೆ ತುರುಕಿಕೊಂಡ.

ವರ್ನಾ ಕಾವಲು ಕೂತಳು. ಹೊಸ ಸೂಚನೆಗಳನ್ನು ಕೋಯ್ ಓದಿದ. ಅವನ ದನಿ ನಡುಗುತ್ತಿತ್ತು. ಅದು ಯಾರ ಹೆದರಿಕೆಯನ್ನೂ ಕಡಿಮೆ ಮಾಡುವ ದನಿಯಾಗಿರಲಿಲ್ಲ. ಮುಚ್ಚಿದ ಬಾಗಿಲಿನ ಆಚೆ, ಮೆಟ್ಟಿಲ ಮೇಲೆ, ಆರ್ವಿಲ್ ಕಣ್ಣು ಮುಚ್ಚಿ ಕುಳಿತು ಕೇಳಿಸಿಕೊಳ್ಳುತ್ತಿದ್ದನೆಂದು ಅವನಿಗೆ ಆಮೇಲೆ ತಿಳಿಯಿತು.

ಡೆಲ್ಫಿಯಾ ಪಾಸಾದಳು, ಕೂದಲೆಳೆಯ ಅಂತರದಲ್ಲಿ. ಹ್ಯಾಸ್ಕೆಲ್ ಪಾಸಾಗಲಿಲ್ಲ; ಹೊಸ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರನ್ನು ಅವರೇ ಕೊಡುತ್ತಾರೆಂದು ತಿಳಿದು, ಕಾಲುಚೀಲಕ್ಕೆ ವಿಶ್ರಾಂತಿ ಸಿಕ್ಕಿತೆಂದ. ಆ ಬೆಳಗಿನ ಮಾತು ಅಡುಗೆಮನೆಯಿಂದ ಆಚೆ ಹೋಗಲಿಲ್ಲ. ನರ್ಸಿಂಗ್ ತರಗತಿ ಇಲ್ಲದ ಸಂಜೆಗಳಲ್ಲಿ ಡೆಲ್ಫಿಯಾ ನೆಲಮಾಳಿಗೆಗೆ ಬಂದು ಆರ್ವಿಲ್‌ನ ಪಕ್ಕ ಕೂತು ಅಕ್ಷರ ತಿದ್ದಿಸತೊಡಗಿದಳು. ಆಗ ಗೋಡೆಯ ಮೇಲಿನ ಪಟಗಳೆಲ್ಲ ತೆರೆದಿರುತ್ತಿದ್ದವು. ಒಮ್ಮೆ ಅವಳು ತಲೆಯೆತ್ತಿ, "ಅವತ್ತು ಎಲ್ಲರೂ ನನ್ನನ್ನೇ ಕಳ್ಳಿ ಅಂತಾರೆ ಅಂತ ಜೀವ ಹೋಗಿತ್ತು ಮೇಷ್ಟ್ರೇ. ಕೀಲಿ ನನ್ ಕೈಗೆ ಕೊಟ್ಟಿದ್ದು ಗೊತ್ತಿದ್ರೂ ನೀವು ಸುಮ್ಮನಿದ್ರಿ. ನನ್ನ ನಂಬಿದ್ರಿ," ಎಂದಳು.

ಕೋಯ್ ಕರಿಹಲಗೆ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

ಆ ಬೆಳಿಗ್ಗೆ ತಾನು ಸುಮ್ಮನಿದ್ದದ್ದು ಅವಳೇ ಕಳ್ಳಿಯೆಂದು ಎಣಿಸಿದ್ದರಿಂದ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.