ಮುಂದಿನ ಬಲ ಚಕ್ರ

ಬಟ್ಟೆ ನೆನೆಸಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಧ್ಯಾಹ್ನ ಇಟ್ಟಿಗೆ ಇಳಿಸಿ, ಖಾಲಿ ಪಿಕಪ್‌ನಲ್ಲಿ ಗುಡ್ಡ ಇಳಿಯುತ್ತಿದ್ದೆವು. ನಮ್ಮವರು ಓಡಿಸುತ್ತಿದ್ದರು, ಮಗಳು ನಡುವೆ ಕೂತಿದ್ದಳು. ಇಟ್ಟಿಗೆ ಇಳಿಸಿದಲ್ಲಿನ ಕೆಸರಿನಿಂದ ಗಾಡಿ ಮೇಲೆತ್ತಲೆಂದು ಅವರು, ಗಾಡಿ ಜಾರಿದರೆ ತಾನಾಗಿಯೇ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ತಡೆಯುವ ಕಂಟ್ರೋಲನ್ನು ಆಫ್ ಮಾಡಿದ್ದರು. ಅದು ಆಫ್ ಆಗಿದೆ ಎನ್ನುವ ಹಳದಿ ದೀಪ ಇನ್ನೂ ಉರಿಯುತ್ತಿತ್ತು.

"ರೀ, ಅದನ್ನ ಆನ್ ಮಾಡಿ. ಹಿಂದೆ ಭಾರ ಇಲ್ಲ."

"ಭಾರಕ್ಕೆ ನೀನಿದ್ದೀಯಲ್ಲ" ಎಂದು ನಕ್ಕರು.

ತಿರುವಿನಲ್ಲಿ ಜಲ್ಲಿ ಚೆಲ್ಲಿತ್ತು. ಗಾಡಿಯ ಹಿಂಭಾಗ ಪ್ರಪಾತದ ಕಡೆಗೆ ಬೀಸಿಹೋಯಿತು. ಮಗಳನ್ನು ಎದೆಗೆ ಅವುಚಿಕೊಂಡೆ. ಆಗ ಮುಂದಿನ ಬಲ ಚಕ್ರವೊಂದೇ, ಯಾರೋ ಕತ್ತು ಹಿಸುಕಿದಂತೆ ಗಕ್ಕನೆ ನಿಂತಿತು. ಬಿಟ್ಟಿತು, ಮತ್ತೆ ನಿಂತಿತು. ಪ್ರತಿ ಸಲವೂ ನಮ್ಮ ಕಾಲಡಿಯಲ್ಲಿ ಮೂಳೆ ಮುರಿದಂಥ ಸದ್ದು. ಆ ಸುಡುಬಿಸಿಲಿನಲ್ಲೂ ನನ್ನ ಪಾದಗಳು ತಣ್ಣಗೆ ಮರಗಟ್ಟಿದವು. ಗಾಡಿ ನೆಟ್ಟಗಾಗಿ ಗುಡ್ಡದ ಬಂಡೆಗೆ ಅಪ್ಪಳಿಸಿತು. ಗಾಜು ಸಿಡಿದು ಅವರ ಹಣೆ ಸೀಳಿತು; ರಕ್ತ ಮಗಳ ಕೂದಲಿಗೆಲ್ಲ ಹರಿಯಿತು. ಅವಳಿಗೆ ಒಂದು ಗೀರೂ ಆಗಿರಲಿಲ್ಲ.

"ಬ್ರೇಕ್ ನಾನು ತುಳಿದೇ ಇಲ್ಲ ಕಣೇ" ಎಂದರು. ಆಫ್ ಎನ್ನುವ ಆ ಹಳದಿ ದೀಪ ಉರಿಯುತ್ತಲೇ ಇತ್ತು.

ಗ್ಯಾರೇಜಿನವನು ಆ ಚಕ್ರ ಬಿಚ್ಚಿ, ಒಳಗೆ ಬೆರಳಿಟ್ಟು ತೋರಿಸಿದ.

"ಅಕ್ಕಾ, ಇದಕ್ಕೆ ಬ್ರೇಕ್ ಎಣ್ಣೆ ಹೋಗೋ ಪೈಪು ಯಾವತ್ತೋ ಕಟ್ಟಿಕೊಂಡಿದೆ. ಎಷ್ಟು ತುಳಿದ್ರೂ ಈ ಚಕ್ರ ನಿಲ್ಲಲ್ಲ."

ಬ್ರೇಕಿನ ಮೇಲಿನ ಹಳೇ ತುಕ್ಕು ಒಂದಿಷ್ಟೂ ಉಜ್ಜಿಹೋಗಿರಲಿಲ್ಲ. ಟೈರು ಮಾತ್ರ, ಚಕ್ರ ನಿಂತು ನಿಂತು ಉಜ್ಜಿದ ಕಡೆಯಲ್ಲೆಲ್ಲ, ಒಳಗಿನ ತಂತಿ ಕಾಣುವಷ್ಟು ಸವೆದಿತ್ತು.