ಕಾರಂಜಿ ಪಕ್ಕದ ಸ್ಟಾಲು

ಪಕ್ಕದ ಸ್ಟಾಲಿನ ತುಂಬ ಕಳ್ಳಿಗಿಡಗಳನ್ನು ಕಂಡು ಅವನ ಎದೆ ಧಸಕ್ಕೆಂದಿತು.

ಉದ್ದದ್ದು, ಗುಂಡಗಿನದು, ಮೈಯೆಲ್ಲ ಬಿಳಿ ನವಿರು ಹೊದ್ದದ್ದು, ನೆತ್ತಿಯ ಮೇಲೊಂದು ಕೆಂಪು ಹೂ ಇಟ್ಟುಕೊಂಡದ್ದು. ಎಲ್ಲವೂ ಪುಟ್ಟ ಕುಂಡಗಳಲ್ಲಿ ಸಾಲಾಗಿ ಕೂತಿದ್ದವು. ಪ್ರತಿ ವರ್ಷ ಇರುತ್ತಿದ್ದ ಜರಿಗಿಡ, ಆ ಫರ್ನುಗಳು, ಒಂದೂ ಇರಲಿಲ್ಲ. ಅವನು ಮೇಜಿನ ಕೆಳಗೆ ಬಗ್ಗಿ ನೋಡಿದ. ಪರದೆಯ ಹಿಂದೆಯೂ ಇಣುಕಿದ.

“ಏನು ಕಳ್ಕೊಂಡ್ರಿ?” ಎಂದಳು ಆ ಸ್ಟಾಲಿನವಳು, ಖಾಲಿ ಪೆಟ್ಟಿಗೆಗಳ ಹಿಂದಿನಿಂದ ತಲೆಯೆತ್ತಿ.

“ಜರಿಗಿಡ ತಂದಿಲ್ವಾ ಈ ಸಲ?”

“ಇಲ್ಲ. ದಿನಾ ನೀರು ಹಾಕ್ಬೇಕು ಅಂದ್ರೆ ಸಾಕು, ಜನ ಕುಂಡ ಕೆಳಗಿಟ್ಟು ಹೋಗ್ಬಿಡ್ತಾರೆ. ಇವಾದ್ರೆ ಮರೆತರೂ ಬದುಕ್ಕೊಂಡಿರ್ತವೆ.”

ಹಾಗೆಂದು ಅವಳು ಅವನ ಮುಖವನ್ನೇ ನೋಡಿದಳು. ಇನ್ನೇನೋ ಕೇಳುತ್ತಾನೆಂದು ಕಾಯುವ ನೋಟ ಅದು. ಅವನು ಕೇಳಲಿಲ್ಲ. “ಒಳ್ಳೇದಾಯ್ತು ಬಿಡಿ,” ಎಂದು ತನ್ನ ಕಾರಂಜಿಯ ಪೈಪಿಗೆ ಸ್ಪ್ಯಾನರ್ ಹಾಕಿದ. ಒಳ್ಳೆಯದೇನೂ ಆಗಿರಲಿಲ್ಲ.

ಈ ಉದ್ಯಾನ ಮೇಳದಲ್ಲಿ ಅವನು ಕಾರಂಜಿಯವನು, ಅವಳು ನರ್ಸರಿಯವಳು. ಅಕ್ಕಪಕ್ಕ ಕೂತು ಎಷ್ಟೋ ವರ್ಷವಾಗಿತ್ತು. ಮೊದಲ ಸಲ ಅವರ ಸ್ಟಾಲುಗಳು ಪಕ್ಕಪಕ್ಕ ಬಿದ್ದದ್ದು ಬರೀ ಆಕಸ್ಮಿಕ. ಹಾಲ್‌ನ ಏಸಿ ಗಾಳಿಗೆ ಅವಳ ಜರಿಗಿಡಗಳ ಎಲೆಗಳೆಲ್ಲ ಸುಟ್ಟ ಹಾಗೆ ಮುದುರುತ್ತಿದ್ದವು. ಕಾರಂಜಿಯ ಕಡೆಗಿದ್ದವು ಮಾತ್ರ ಹಸಿರಾಗಿ ನಗುತ್ತಿದ್ದವು. ಅದನ್ನು ಗಮನಿಸಿದ ಅವನು ನಳಿಕೆಯನ್ನು ಸ್ವಲ್ಪ ಅವಳ ಕಡೆಗೆ ವಾಲಿಸಿದ. ಸಣ್ಣ ತುಂತುರು ಹೋಗಿ ಎಲೆಗಳ ಮೇಲೆ ಕೂತಿತು. “ನನಗೂ ನಾಲ್ಕು ಹನಿ ಬಿತ್ತು,” ಎಂದು ಅವಳು ಕೆನ್ನೆ ಒರೆಸಿಕೊಂಡಳು. ಅವನು ಕ್ಷಮೆ ಕೇಳಲು ಹೋದ. “ಇರ್ಲಿ ಬಿಡಿ, ಚೆನ್ನಾಗಿದೆ,” ಎಂದಳು. ಆ ಕೆನ್ನೆ, ಆ ಮಾತು, ಎರಡೂ ಅವನ ತಲೆಯಿಂದ ಆಮೇಲೆ ಇಳಿದೇ ಇಲ್ಲ.

ಆಗ ಅವಳ ಗಂಡ ತೀರಿಹೋಗಿ ವರ್ಷವೂ ಕಳೆದಿರಲಿಲ್ಲ. ಅತ್ತೆಯ ಜೊತೆ ಸೇರಿ ನರ್ಸರಿ ನಡೆಸುತ್ತಿದ್ದಳು. ಅಂಥವಳ ಹತ್ತಿರ ಏನು ಮಾತಾಡುವುದು ಎಂದು ಅವನು ಬಾಯಿಗೆ ಬೀಗ ಹಾಕಿಕೊಂಡ. ಮುಂದಿನ ವರ್ಷ ನೋಡೋಣ ಎಂದುಕೊಂಡ. ಮುಂದಿನ ವರ್ಷ ಬಂದಾಗ ಅದರ ಮುಂದಿನ ವರ್ಷ ನೋಡೋಣ ಎಂದುಕೊಂಡ. ಹೀಗೆ ಅವನ ತಲೆಯ ಅರ್ಧ ಕೂದಲು ಬೆಳ್ಳಗಾಯಿತು.

ಇಷ್ಟರಲ್ಲಿ ಕಾರಂಜಿ ವ್ಯಾಪಾರವೂ ಮುಗಿದಿತ್ತು. ಈಗ ಅವನಿಗೆ ಅಪಾರ್ಟ್‌ಮೆಂಟುಗಳ ಪಂಪು ರಿಪೇರಿಯೇ ಕೆಲಸ. ಗೋಡೌನಿನಲ್ಲಿ ಉಳಿದದ್ದು ಒಂದೇ ಕಾರಂಜಿ. ಮೇಳ ಬಂತೆಂದರೆ ಅದರ ಧೂಳು ಒರೆಸಿ ವ್ಯಾನಿಗೆ ಹಾಕುತ್ತಿದ್ದ. “ಮಾರೋಕೆ ಇಲ್ಲದ್ದನ್ನ ತೋರ್ಸೋಕೆ ಹೋಗೋನು ಲೋಕದಲ್ಲಿ ನೀನೊಬ್ನೇ ಕಣೋ,” ಎಂದು ಅವನ ಅಕ್ಕ ಪ್ರತಿ ಸಲ ಬೈದು ಕಳಿಸುತ್ತಿದ್ದಳು. ಪಕ್ಕದ ಸ್ಟಾಲಿನ ಜರಿಗಿಡ ಬಾಡುತ್ತವೆ ಎಂದು ಅಕ್ಕನಿಗೆ ಹೇಳಲಾದೀತೇ? ತನಗೆ ತಾನೇ ಮಾತ್ರ ಹೇಳಿಕೊಳ್ಳುತ್ತಿದ್ದ.

ಈಗ ಜರಿಗಿಡವೇ ಇಲ್ಲ. ಕಳ್ಳಿಗೆ ತೇವ ತಾಗಿದರೆ ಬುಡ ಕೊಳೆಯುತ್ತದೆ ಎಂದು ಹಿಂದೊಮ್ಮೆ ಅವಳೇ ಹೇಳಿದ್ದಳು.

ಅವನು ಕಾರಂಜಿಯನ್ನು ಜೋಡಿಸಿ ಮುಗಿಸಿದ. ನೀರು ತುಂಬಿಸಿದ. ಸ್ವಿಚ್ಚಿನ ಮೇಲೆ ಬೆರಳಿಟ್ಟವನು ಹಾಗೇ ತೆಗೆದುಬಿಟ್ಟ.

“ಯಾಕೆ, ಹಾಕಲ್ವಾ?” ಎಂದಳು ಅವಳು.

“ಬೇಡ ಬಿಡಿ. ನಿಮ್ಮ ಗಿಡಕ್ಕೆ ತೊಂದರೆ.”

“ಸರಿ, ನಿಮ್ಮಿಷ್ಟ,” ಎಂದು ಬೆನ್ನು ತಿರುಗಿಸಿ, ಸರಿಯಾಗಿಯೇ ಇದ್ದ ಕುಂಡಗಳನ್ನು ಮತ್ತೆ ಮತ್ತೆ ಸರಿಮಾಡತೊಡಗಿದಳು. ಗಿಡದ ಮೇಲೆ ಕಾಳಜಿ ತೋರಿಸಿದ್ದಕ್ಕೆ ಇವಳಿಗೇಕೆ ಮುನಿಸು ಎಂದು ಅವನಿಗೆ ಅರ್ಥವಾಗಲಿಲ್ಲ. ಪಂಪಿನ ಸದ್ದು ಕೇಳಿಯೇ ರೋಗ ಹೇಳುವವನು, ಇಂಥ ವಿಷಯದಲ್ಲಿ ಶುದ್ಧ ಮಂಕು.

ಮೇಳಕ್ಕೂ ಮೊದಲಿನ ಕಳೆ ಇರಲಿಲ್ಲ. ಒಂದು ಕಾಲದಲ್ಲಿ ನಾಲ್ಕು ಹಾಲ್ ತುಂಬ ಸ್ಟಾಲುಗಳಿರುತ್ತಿದ್ದವು. ಹೋಟೆಲಿನವರು, ಬಂಗಲೆ ಕಟ್ಟಿಸುವವರು, ಪಾರ್ಕಿನ ಗುತ್ತಿಗೆದಾರರು ನಕ್ಷೆ ಹಿಡಿದು ಸುತ್ತುತ್ತಿದ್ದರು. ಈಗ ಉಳಿದದ್ದು ಒಂದು ಹಾಲ್. ಅದರಲ್ಲೂ ಅರ್ಧಕ್ಕೆ ನೀಲಿ ಪರದೆ ಎಳೆದು ಖಾಲಿ ಜಾಗ ಮರೆಮಾಡಿದ್ದರು. ಪರದೆ ಅಲುಗಿದಾಗ ಹಿಂದೆ ಪೇರಿಸಿಟ್ಟ ಕುರ್ಚಿಗಳು ಕಾಣುತ್ತಿದ್ದವು. ಬಂದ ನಾಲ್ಕು ಜನ ಪುಕ್ಕಟೆ ಬೀಜದ ಪೊಟ್ಟಣ ಕೇಳುತ್ತಿದ್ದರು. ಇಲ್ಲವೇ ಗಿಡದ ಫೋಟೊ ಹೊಡೆದು, ಅಲ್ಲೇ ನಿಂತು ಫೋನಿನಲ್ಲಿ ಆರ್ಡರ್ ಮಾಡಿ ಹೋಗುತ್ತಿದ್ದರು. ಎದುರಿನ ಹುಲ್ಲು ಕತ್ತರಿಸುವ ಯಂತ್ರದವರು ತಮ್ಮದೇ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು.

ಹಿಂದಿನ ವರ್ಷಗಳಲ್ಲಿ ಈ ಬೇಸರವನ್ನು ಇಬ್ಬರೂ ಸೇರಿ ನಗುತ್ತ ಕಳೆಯುತ್ತಿದ್ದರು. ಈ ಸಲ ಮಾತಿಲ್ಲ. ಅವನು ಕದ್ದು ನೋಡಿದ. ಅವಳು ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ಕಣ್ಣ ಕೆಳಗೆ ದಣಿವಿತ್ತು. ಇವನು ನೋಡಿದ್ದು ತಿಳಿದು ಅವಳು ತಿರುಗಿದಳು, ಇವನು ಚಾವಣಿಯ ಲೈಟು ಎಣಿಸುವವನ ಹಾಗೆ ಮೇಲೆ ನೋಡಿದ. ಅವಳ ತುಟಿಯಂಚು ಒಂದಿಷ್ಟು ಸಡಿಲವಾಗಿ ಮತ್ತೆ ಬಿಗಿಯಾಯಿತು.

ಮಧ್ಯಾಹ್ನ ಮೇಳದ ಕಾರ್ಯದರ್ಶಿ ಬಂದರು. ಪ್ರತಿ ವರ್ಷ ಇದೇ ಹೊತ್ತಿಗೆ ಸ್ಟಾಲಿನಿಂದ ಸ್ಟಾಲಿಗೆ ಹೋಗಿ, ಮುಂದಿನ ಸಲಕ್ಕೂ ಇದೇ ಜಾಗ ತಾನೇ ಎಂದು ಕೇಳುವುದು ಅವರ ರೂಢಿ. ಈ ಸಲ ಕೇಳಲಿಲ್ಲ. ನರ್ಸರಿಯವಳ ಹತ್ತಿರ ಎರಡು ಮಾತಾಡಿ ಇವನ ಪಕ್ಕದ ಕುರ್ಚಿಗೆ ಬಂದು ಕುಸಿದು ಕೂತರು.

“ಮುಂದಿನ ವರ್ಷ ಇಲ್ಲಪ್ಪ. ಹಾಲನ್ನ ಪೀಠೋಪಕರಣ ಮೇಳದವರಿಗೆ ಕೊಟ್ಟಾಯ್ತು. ನನಗೂ ಸಾಕಾಯ್ತು.”

“ಪೂರ್ತಿ ನಿಂತೇ ಹೋಗುತ್ತಾ?”

“ನಿಂತೇ ಹೋಯ್ತು ಅಂದ್ಕೋ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕಾರಂಜಿಯ ಕಡೆ ನೋಡಿ ಹುಬ್ಬೇರಿಸಿದರು. “ಅಲ್ಲಾ, ಇದನ್ನ ಯಾಕೆ ಆಫ್ ಮಾಡಿ ಕೂತಿದ್ದೀಯ? ಇದರ ಪಕ್ಕಾನೇ ಜಾಗ ಬೇಕು ಅಂತ ಆಯಮ್ಮ ನನ್ನ ಜೊತೆ ಜಗಳ ಆಡಿದ್ದಾರೆ.”

“ಯಾರು?”

“ಇನ್ಯಾರು? ಈ ಸಲ ಕ್ಯಾಕ್ಟಸ್ ತರ್ತೀನಿ ಅಂದ್ರು. ಹಾಗಾದ್ರೆ ಬಾಗಿಲ ಹತ್ರ ಒಣಗಿದ ಜಾಗ ಇದೆ, ಜನಾನೂ ಜಾಸ್ತಿ ಓಡಾಡ್ತಾರೆ, ತಗೊಳ್ಳಿ ಅಂದೆ. ಕೇಳ್ಲೇ ಇಲ್ಲ. ಕಾರಂಜಿ ಪಕ್ಕ ಕೊಡೋದಾದ್ರೆ ಕೊಡಿ, ಇಲ್ಲಾಂದ್ರೆ ಬರೋದೇ ಇಲ್ಲ ಅಂದ್ರು. ಗಿಡದವರಿಗೆ ಏನೇನು ಹುಚ್ಚೋ.”

ಕಾರ್ಯದರ್ಶಿ ಮೊಣಕಾಲು ಹಿಡಿದುಕೊಂಡು ಎದ್ದು ಮುಂದಿನ ಸ್ಟಾಲಿಗೆ ಹೋದರು. ಇವನು ಕೂತೇ ಇದ್ದ. ಕಳ್ಳಿಗಿಡ ಬೆಳೆಸುವವರು ಯಾರಾದರೂ ನೀರು ಚಿಮ್ಮುವ ಜಾಗ ಕೇಳಿ ಪಡೆಯುತ್ತಾರೆಯೇ? ಮಂಕುತಲೆಗೂ ಇಷ್ಟು ಹೊತ್ತಿಗೆ ಬೆಳಕಾಗಲೇಬೇಕು, ಆಯಿತು. ಮುಂದಿನ ವರ್ಷ ನೋಡೋಣ ಎನ್ನುವಂತಿರಲಿಲ್ಲ. ಮುಂದಿನ ವರ್ಷವೇ ಇಲ್ಲ. ಈ ಸಂಜೆ ವ್ಯಾನ್ ಹತ್ತಿದರೆ ಅವಳನ್ನು ನೋಡಲು ಇನ್ನು ಯಾವ ನೆಪವೂ ಉಳಿಯುವುದಿಲ್ಲ. ಅವನು ಎದ್ದು ಅವಳ ಮೇಜಿನ ಮುಂದೆ ಗಿರಾಕಿಯ ಹಾಗೆ ನಿಂತ.

“ಬಾಗಿಲ ಹತ್ರದ ಜಾಗ ಬೇಡ ಅಂದ್ರಂತೆ.”

ಅವಳು ಕುಂಡವೊಂದನ್ನು ತಿರುಗಿಸುತ್ತಲೇ ಇದ್ದಳು. “ಹೇಳ್ಬಿಟ್ರಾ ಅವ್ರು?”

“ಕ್ಯಾಕ್ಟಸ್ ಇಟ್ಕೊಂಡು ಕಾರಂಜಿ ಪಕ್ಕ ಯಾಕೆ?”

“ನೀವೇ ಹೇಳಿ ನೋಡೋಣ.”

ಅವನು ಕುಂಡವೊಂದನ್ನು ಎತ್ತಿ ಅಲ್ಲೇ ಇಟ್ಟ. ಹೇಳಬೇಕಾದದ್ದನ್ನು ಬಿಟ್ಟು, “ನಾನು ಕಾರಂಜಿ ಮಾಡೋದು ಬಿಟ್ಟು ಮೂರು ವರ್ಷ ಆಯ್ತು. ಇದೊಂದೇ ಉಳ್ದಿರೋದು. ಇದೂ ಮಾರಾಟಕ್ಕಿಲ್ಲ,” ಎಂದ.

ಅವಳ ಕೈ ನಿಂತಿತು. “ಮತ್ತೆ ಬರ್ತಿದ್ದಿದ್ದು ಯಾಕೆ?”

“ನಿಮ್ಮ ಜರಿಗಿಡ ಒಣಗ್ತವಲ್ಲ ಅಂತ.”

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. “ಹೋದ ವರ್ಷನೇ ನನ್ಹತ್ರ ಜರಿಗಿಡ ಇರ್ಲಿಲ್ಲ. ಬೇರೆ ನರ್ಸರಿಯಿಂದ ಕೇಳಿ ತಂದು ಜೋಡಿಸಿದ್ದೆ. ಈ ಸಲ ಆ ನಾಟಕಾನೂ ಸಾಕಾಯ್ತು. ಕ್ಯಾಕ್ಟಸ್ ಇಟ್ಟು ನೋಡೋಣ, ಯಾಕೆ ಅಂತ ಒಂದು ಮಾತು ಕೇಳ್ತಾರೇನೋ ಅಂದ್ಕೊಂಡೆ. ನೀವು ನೋಡಿದ್ರೆ ನೀರನ್ನೇ ನಿಲ್ಲಿಸಿಬಿಟ್ರಿ.”

“ಗಿಡಕ್ಕೆ ತೊಂದರೆ ಅಂತ…”

“ಗೊತ್ತು. ಎಲ್ಲಾ ಗಿಡಕ್ಕೇ ಯೋಚನೆ ಮಾಡ್ತೀರಿ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪೆಟ್ಟಿಗೆ ತುಂಬಿಸ್ತಿರೋವಾಗ ನಮ್ಮತ್ತೆ ಬಂದು ನಿಂತು ನೋಡಿದ್ರು. ‘ಈ ಗಿಡಾನೆಲ್ಲ ತಗೊಂಡೋಗಿ ಆ ನೀರಿನವನ ಪಕ್ಕ ಕೂತ್ಕೋತೀಯಾ?’ ಅಂತ ಕೇಳಿದ್ರು. ಅವ್ರಿಗೆ ತಿಳೀತು, ನಿಮಗೆ ತಿಳೀಲಿಲ್ಲ.”

“ಬೈದ್ರಾ?”

“ಇಲ್ಲ. ತಲೆಗೆ ಎಣ್ಣೆ ಹಚ್ಚಿ ಬಾಚಿ ಕಳಿಸಿದ್ರು.”

ಅವನು ಬಹಳ ಹೊತ್ತು ಅವಳ ನೀಟಾಗಿ ಬಾಚಿದ ತಲೆಯನ್ನೇ ನೋಡಿದ. ಈ ಸಲ ಚಾವಣಿಯ ಕಡೆ ಕಣ್ಣು ತಿರುಗಿಸಲಿಲ್ಲ. “ನೀವಿಲ್ಲದಿದ್ರೆ ನಾನು ಈ ಮೇಳಕ್ಕೆ ಯಾವತ್ತೋ ಬರೋದು ಬಿಟ್ಟಿರ್ತಿದ್ದೆ,” ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

“ನಾನೂ ಅಷ್ಟೇ,” ಎಂದಳು ಅವಳು ಮೆಲ್ಲಗೆ.

ಸಂಜೆಗೆ ಮೊದಲೇ ಎಲ್ಲರೂ ಕಂತೆ ಕಟ್ಟಿದರು. ಅವಳ ಪೆಟ್ಟಿಗೆಗಳನ್ನು ಇವನೇ ಹೊತ್ತು ತಂದ. ಹೊರಗೆ ಪಾರ್ಕಿಂಗ್ ಜಾಗದ ತುಂಬ ಇಳಿಬಿಸಿಲು ಬಿದ್ದಿತ್ತು. ಇಷ್ಟು ವರ್ಷ ಟ್ಯೂಬ್‌ಲೈಟಿನ ಕೆಳಗಷ್ಟೇ ಒಬ್ಬರನ್ನೊಬ್ಬರು ಕಂಡವರು, ಬಿಸಿಲಿನಲ್ಲಿ ಎದುರುಬದುರು ನಿಂತರು.

“ಅಯ್ಯೋ, ಇಷ್ಟೊಂದು ನರೆತಿದ್ಯಾ ನಿಮಗೆ?” ಎಂದಳು.

“ಬೇಜಾರಾಯ್ತಾ?”

“ಇಲ್ಲಪ್ಪ. ನನ್ನ ಮುಖದ ಸುಕ್ಕೂ ಈಗ ನಿಮಗೆ ಕಾಣ್ತಿರ್ಬೇಕಲ್ಲ.”

ಕಾಣುತ್ತಿತ್ತು. ಅದೂ ಅವನಿಗೆ ಇಷ್ಟವಾಯಿತು. ಹಾಗೆಂದು ಹೇಳಲು ಧೈರ್ಯ ಸಾಲದೆ ಪೆಟ್ಟಿಗೆಗಳ ಹಗ್ಗ ಬಿಗಿಯತೊಡಗಿದ.

“ಭಾನುವಾರ ಮನೆಗೆ ಬನ್ನಿ. ಅತ್ತೆನೇ ಬಾಗಿಲು ತೆಗೀತಾರೆ. ಯಾಕೆ ಬಂದ್ರಿ ಅಂತ ಕೇಳೇ ಕೇಳ್ತಾರೆ.”

“ಏನು ಹೇಳ್ಲಿ?”

“ಏನಿದ್ಯೋ ಅದು. ಆದ್ರೆ ಅವ್ರಿಗೆ ಕಿವಿ ಮಂದ. ನೀವು ಮಾತಾಡೋ ಥರ ಗೊಣಗಿದ್ರೆ ಆಗಲ್ಲ.”

“ನಿಮ್ಮ ಸೊಸೆನ ಕೇಳೋಕೆ ಬಂದಿದ್ದೀನಿ,” ಎಂದ ಅವನು, ಹಗ್ಗದ ಗಂಟಿಗೆ ಹೇಳುವವನ ಹಾಗೆ.

“ಕೇಳಿಸ್ಲಿಲ್ಲ.”

ಅವನು ಹಗ್ಗ ಬಿಟ್ಟ. ಅವಳ ಕಡೆ ತಿರುಗಿ, ಜನ್ಮದಲ್ಲಿ ಎತ್ತದಷ್ಟು ದನಿ ಎತ್ತಿ ಹೇಳಿದ, “ನಿಮ್ಮ ಸೊಸೆನ ಕೇಳೋಕೆ ಬಂದಿದ್ದೀನಿ.”

ಲಾರಿ ಹತ್ತುತ್ತಿದ್ದ ಹುಲ್ಲಿನ ಯಂತ್ರದವರು ಒಂದು ಕಾಲು ಮೇಲಿಟ್ಟುಕೊಂಡೇ ತಿರುಗಿ ನೋಡಿದರು. ಕಾರ್ಯದರ್ಶಿಯೂ ನೋಡಿದರು. ಅವಳು ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅವನ ಕೈ ಹಿಡಿದುಕೊಂಡಳು.

“ಈಗ ಕೇಳಿಸ್ತು,” ಎಂದಳು.